ಗಾಡಿ ಬಂದ್ ಅದ, ಬರ್ರಿ

ಮೊನ್ನೆ ವಾಡಿ ಜಂಕ್ಷನ್ನಿನಲ್ಲಿ ಕಲಬುರಗಿಯ ಗಾಡಿಗಾಗಿ ಕಾಯುತ್ತ ಕೂತಿದ್ದೆ. ಮಳೆ ಜಿನುಗುತ್ತಿತ್ತು. ಒದ್ದೆ ಕಬ್ಬಿಣ, ಡೀಸೆಲ್ಲು, ಎಣ್ಣೆಯಲ್ಲಿ ಬೇಯುತ್ತಿದ್ದ ಭಜಿ, ಎಲ್ಲ ಕೂಡಿದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು ಫೋನಿನಲ್ಲಿ ಯಾರಿಗೋ, "ಹೂಂ ರಿ, ಗಾಡಿ ಬಂದದ" ಅಂದಳು. ಅವಳು ಹೇಳಿದ್ದು ಸರಿಯೇ, ಗಾಡಿ ಬಂದಿತ್ತು. ಜನ ಚೀಲ ಎತ್ತಿಕೊಂಡು ಡಬ್ಬಿಯ ಬಾಗಿಲಿಗೆ ಮುಗಿಬಿದ್ದರು. ನಾನು ಮಾತ್ರ ಏಳಲಿಲ್ಲ. ಆ ಮಾತಿನ ಹಿಂದೆ ಇನ್ನೊಂದು ಮಾತು ಬರಬೇಕು, ಅದು ಬಂದ ಮೇಲೆ ಏಳೋಣ ಎಂದು ಕೂತೇ ಇದ್ದೆ. ಇಲ್ಲಿ ಅದನ್ನು ಹೇಳುವವರು ಯಾರೂ ಇಲ್ಲ ಎಂದು ನೆನಪಾಗುವಷ್ಟರಲ್ಲಿ ಗಾಡಿ ಹೊರಟುಹೋಗಿತ್ತು. ಮನೆಗೆ ಫೋನು ಮಾಡಿ, ಗಾಡಿ ತಪ್ಪಿತು ಎಂದೆ. ಎದುರಿಗೇ ನಿಂತಿದ್ದ ಗಾಡಿ ಹೇಗೆ ತಪ್ಪಿತು ಎಂದು ವಿವರಿಸುವ ಗೋಜಿಗೆ ಹೋಗಲಿಲ್ಲ.

ನಾನು ಅಂಜುಬುರುಕಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾಯಿಗೆ ಅಂಜುತ್ತೇನೆ, ಗುಡುಗಿಗೆ ಅಂಜುತ್ತೇನೆ, ಎತ್ತರದಿಂದ ಕೆಳಗೆ ನೋಡಲಾರೆ. ಹುಟ್ಟಿದ್ದು ಚಿಂಚೋಳಿಗೆ ಅಂಟಿಕೊಂಡ ಚಂದಾಪುರದಲ್ಲಿ. ನಮ್ಮ ಸೀಮೆಗೆ ರೈಲು ಬರುತ್ತದೆ ಎಂಬ ಸುದ್ದಿ ಪ್ರತಿ ಚುನಾವಣೆಗೂ ತಪ್ಪದೆ ಬರುತ್ತಿತ್ತು, ರೈಲು ಮಾತ್ರ ಬರಲಿಲ್ಲ. ಹಾಗಾಗಿ ರೈಲಿನ ಸದ್ದು ಕಿವಿಗೆ ಬೀಳದೆಯೇ ನಾನು ಬೆಳೆದೆ. ಅಂಥವಳಿಗೆ ಟೀಚರ್ ನೌಕರಿ ಸಿಕ್ಕಾಗ, ಸರಕಾರ ನನ್ನನ್ನು ಒಯ್ದು ಕೂಡಿಸಿದ್ದು ಒಂದು ರೈಲು ನಿಲ್ದಾಣದೊಳಗೆ. ಅದೂ ಗಾಡಿ ನಿಂತುಹೋದ ನಿಲ್ದಾಣ.

ಸೇಡಂ ಮತ್ತು ಚಿತ್ತಾಪುರದ ನಡುವೆ, ದೊಡ್ಡ ಲೈನಿನಿಂದ ಒಳಕ್ಕೆ ಕವಲೊಡೆದ ಒಂದು ಸಣ್ಣ ಲೈನಿನ ಕೊನೆಗೆ ಆ ಊರಿತ್ತು. ಸರಕಾರಿ ಕಾಗದದಲ್ಲಿ ಅದಕ್ಕೆ ಬೇರೆ ಹೆಸರಿತ್ತು. ಸುತ್ತಲಿನವರೆಲ್ಲ ಕಲ್ಲಠೇಸನ್ ಎಂದೇ ಕರೆಯುತ್ತಿದ್ದರು. ನಿಜಾಮರ ಕಾಲದಲ್ಲಿ ಹೈದರಾಬಾದಿನ ಕಡೆಯಿಂದ ಬಂದ ಹಳಿ ವಾಡಿಯಲ್ಲಿ ಮುಂಬಯಿಯ ಹಳಿಗೆ ಕೂಡಿತಲ್ಲ, ಅದರ ಬೆನ್ನಿಗೇ ಈ ನೆಲದ ಕಲ್ಲಿಗೆ ಕಾಲು ಬಂದವಂತೆ. ಶಹಾಬಾದು, ಭಂಕೂರಿನ ಕಡೆ ತೆಗೆಯುವ ಹಾಗೆಯೇ ಇಲ್ಲಿಯೂ ಪದರು ಪದರಾಗಿ ಏಳುವ ಹಾಸುಗಲ್ಲನ್ನು, ನಮ್ಮ ಕಡೆ ಪರಸಿ ಎನ್ನುವುದನ್ನು, ತೆಗೆದು ವ್ಯಾಗನ್ನಿಗೆ ತುಂಬುತ್ತಿದ್ದರು. ಆ ವ್ಯಾಗನ್ನುಗಳ ಬಾಲಕ್ಕೆ ಆಳುಗಳಿಗಾಗಿ ಒಂದು ಡಬ್ಬಿ ಕಟ್ಟುತ್ತಿದ್ದರು. ಆ ಡಬ್ಬಿಗಾಗಿ ಒಂದು ಠೇಸನ್. ಆಮೇಲೆ ಲಾರಿಗಳು ಬಂದವು, ಖಣಿಯಲ್ಲಿ ನೀರು ನಿಂತಿತು, ವ್ಯಾಗನ್ನು ಬರುವುದು ಕಡಿಮೆಯಾಗುತ್ತ ಒಂದು ದಿನ ನಿಂತೇಹೋಯಿತು. ಉರ್ದು ಮತ್ತು ಕನ್ನಡದಲ್ಲಿ ಹೆಸರು ಬರೆದ ಹಲಗೆ ಜಾಲಿಯ ಪೊದೆಯಲ್ಲಿ ಅರ್ಧ ಮುಳುಗಿ ನಿಂತಿತ್ತು.

ಊರ ಶಾಲೆಯ ಛಾವಣಿ ಒಂದು ಮಳೆಗಾಲದಲ್ಲಿ ಕುಸಿದಿತ್ತು. ತಾತ್ಕಾಲಿಕ ಎಂದು ಹೇಳಿ ಮಕ್ಕಳನ್ನು ಠೇಸನ್ನಿನ ಪ್ರಯಾಣಿಕರ ಕೋಣೆಗೆ ತಂದಿದ್ದರು. ನಾನು ಸೇರುವ ಹೊತ್ತಿಗೆ ಆ ತಾತ್ಕಾಲಿಕಕ್ಕೆ ವಯಸ್ಸಾಗಿತ್ತು. ಟಿಕೀಟು ಕೊಡುವ ಕೋಣೆ ಬಿಸಿಯೂಟದ ಅಡುಗೆಮನೆ. ಅಡುಗೆಯ ಶರಣಮ್ಮ ಟಿಕೀಟಿನ ಕಿಂಡಿಯಿಂದಲೇ ಅನ್ನ ಸಾರು ಬಡಿಸುತ್ತಿದ್ದರು. ಮಕ್ಕಳು ತಾಟು ಒಳಗೆ ಚಾಚಿ, "ಒಂದು ಚಿತ್ತಾಪುರ ಕೊಡ್ರಿ", "ನಂದೊಂದು ಹೈದರಾಬಾದ್ ರಿ" ಎನ್ನುತ್ತಿದ್ದವು. ಶರಣಮ್ಮ ಸೌಟಿನಿಂದ ತಾಟಿಗೆ ಬಡಿದು, "ಸೀದಾ ಕುಂದರ್ರಿ, ಇಲ್ಲಂದ್ರ ನಡುದಾರಿಗಿ ಇಳಿಸಿಬಿಡ್ತೀನಿ" ಎಂದು ಗದರುತ್ತಿದ್ದರು. ಹುಟ್ಟಿನಿಂದ ಗಾಡಿ ಹತ್ತದ ಮಕ್ಕಳು ದಿನಾ ಹೈದರಾಬಾದಿಗೆ ಹೋಗಿ ಕೈತೊಳೆದುಕೊಂಡು ಬರುತ್ತಿದ್ದವು.

ಇಷ್ಟೇ ಆಗಿದ್ದರೆ ನನಗೆ ಆ ವರ್ಷ ಸಿಹಿಯಾಗಿಯೇ ನೆನಪಿರುತ್ತಿತ್ತು. ಆದರೆ ಊರಿಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳವಿತ್ತು. ಬೇಸಿಗೆಯಲ್ಲಿ ಕೆಳಗಿನ ದಾರಿಯಲ್ಲಿ ಇಳಿದು ಹತ್ತಿ ಹೋಗಬಹುದು. ಮಳೆ ಹಿಡಿಯಿತೆಂದರೆ ಕಾಗಿಣಾ ನದಿ ಏರುತ್ತದೆ, ಅದರ ನೀರು ಹಳ್ಳಕ್ಕೆ ಹಿಂದೆ ಒತ್ತುತ್ತದೆ, ಕೆಳಗಿನ ದಾರಿ ಮುಳುಗುತ್ತದೆ. ಆಗ ಉಳಿಯುವುದು ಒಂದೇ ದಾರಿ, ಹಳೆಯ ರೈಲು ಸೇತುವೆ. ಎರಡು ಕಬ್ಬಿಣದ ತೊಲೆ, ಅವುಗಳ ಮೇಲೆ ಕಟ್ಟಿಗೆಯ ಸ್ಲೀಪರ್, ಅದರ ಮೇಲೆ ತುಕ್ಕು ಹಿಡಿದ ಹಳಿ. ಹಿಡಿದುಕೊಳ್ಳಲು ಪಕ್ಕದಲ್ಲಿ ಏನೂ ಇಲ್ಲ. ನಡುಮಧ್ಯದ ಕಂಬದ ಹತ್ತಿರ ಹೊರಕ್ಕೆ ಚಾಚಿಕೊಂಡ ಒಂದು ಕಬ್ಬಿಣದ ಪಂಜರ ಮಾತ್ರ ಇತ್ತು. ಹಿಂದೆ ಹಳಿ ನೋಡಿಕೊಳ್ಳುವ ಗ್ಯಾಂಗಿನವರು ಗಾಡಿ ಬಂದಾಗ ಅದರೊಳಗೆ ಸರಿದು ನಿಲ್ಲುತ್ತಿದ್ದರಂತೆ. ಸ್ಲೀಪರಿನಿಂದ ಸ್ಲೀಪರಿಗೆ ಕಾಲಿಡುವಾಗ ಎರಡರ ಸಂದಿಯಲ್ಲಿ ರಾಡಿ ನೀರು ಓಡುವುದು ಕಾಣುತ್ತದೆ. ನೋಡಬಾರದು ಎಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತದೆ. ನೋಡಿದರೆ ಸೇತುವೆಯೇ ಹಿಂದಕ್ಕೆ ಓಡುತ್ತಿರುವಂತೆ ತಲೆ ತಿರುಗುತ್ತದೆ.

ಸೇಡಂನಲ್ಲಿ ಕೋಣೆ ಮಾಡಿಕೊಂಡಿದ್ದ ನಾನು ಬಸ್ಸಿನಿಂದ ಇಳಿದು ದಿನಾ ಇದನ್ನು ದಾಟಬೇಕಾಗಿತ್ತು. ಮೊದಲ ದಿನ ನಡುವೆಯೇ ನಿಂತುಬಿಟ್ಟೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ದೂರದ ದೊಡ್ಡ ಲೈನಿನಲ್ಲಿ ಗಾಡಿಯೊಂದು ಕೂಗಿತು. ನಾನು "ಅವ್ವಾ" ಎಂದು ಚೀರಿದೆ. ರಸ್ತೆಯ ದಂಡೆಯಲ್ಲಿ ಚಹಾದ ಅಂಗಡಿ ಇಟ್ಟಿದ್ದ ಮುದುಕರೊಬ್ಬರು ಲುಂಗಿ ಎತ್ತಿ ಕಟ್ಟಿಕೊಂಡು ಬಂದು ಕೈ ಹಿಡಿದರು.

"ಯಾಕ ಚೀರ್ಲಿಕತ್ತೀರಿ ಟೀಚರಮ್ಮ?"

"ಗಾಡಿ ಬಂದ್ರ?"

ಅವರು ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ಅದು ದೊಡ್ಡ ಲೈನಿನ ಗಾಡಿ ರಿ. ಈ ಲೈನಿಗಿ ಗಾಡಿ ಬಂದ್ ಆಗಿ ಜಮಾನಾ ಆತು. ನಾನೇ ಇಲ್ಲಿ ಆಖರಿ ಝಂಡಿ ತೋರ್ಸ್ದಂವ. ಅಂಜಬ್ಯಾಡ್ರಿ, ಬರ್ರಿ."

ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ರೈಲ್ವೆಯಲ್ಲಿ ಗಾಡಿಗೆ ಝಂಡಿ, ಅಂದರೆ ಬಾವುಟ, ತೋರಿಸುವ ಕೆಲಸ ಮಾಡಿ ನಿವೃತ್ತರಾದವರು. ಗಾಡಿ ಹೋದರೂ ಹಳಿ ಬಿಟ್ಟು ಹೋಗಲು ಮನಸ್ಸಾಗದೆ ಪರಸಿ ನಿಲ್ಲಿಸಿ ಗೋಡೆ ಮಾಡಿಕೊಂಡು, ಮೇಲೆ ತಗಡು ಹಾಕಿ ಅಲ್ಲೇ ಕೂತಿದ್ದರು. ಬೆಳಿಗ್ಗೆ ಬರುವಾಗ ಅವರು ಸೇತುವೆಯ ಬಾಯಿತನಕ ಬಂದು ನನ್ನನ್ನು ಕಳಿಸುತ್ತಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ನಾನು ಈಚೆಯ ದಂಡೆಯಲ್ಲಿ ನಿಂತು, "ಚಾಚಾ, ಗಾಡಿ?" ಎಂದು ಕೂಗುತ್ತಿದ್ದೆ. ಆಚೆಯಿಂದ ಅವರು ಝಂಡಿ ತೋರಿಸಿದವರ ಗತ್ತಿನಲ್ಲಿ ಕೈ ಎತ್ತಿ, "ಗಾಡಿ ಬಂದ್ ಅದ, ಬರ್ರಿ!" ಎನ್ನುತ್ತಿದ್ದರು. ಆ ಮಾತು ಬೀಳದೆ ನಾನು ಕಾಲು ಎತ್ತುತ್ತಿರಲಿಲ್ಲ. ಇಲ್ಲದ ಗಾಡಿಯನ್ನು ದಿನಾ ಇಲ್ಲ ಎಂದು ಹೇಳಿಸಿಕೊಳ್ಳುವ ನನ್ನನ್ನು ನೋಡಿ ಊರೇ ನಗುತ್ತಿತ್ತು. ನಗಲಿ ಎಂದುಕೊಂಡೆ. ನನ್ನ ಅಂಜಿಕೆ ಅವರಿಗೇನು ಗೊತ್ತು?

ಮಕ್ಕಳಿಗೆ ಅದೇ ಒಂದು ಆಟವಾಯಿತು. ಒಂದು ದಿನ ನೋಡಿದರೆ ಕರಿಹಲಗೆಯ ಮೇಲೆ ಯಾವುದೋ ಹುಡುಗಿ, ಗಾಡಿ ಬಂದದ ಬರ್ರಿ, ಎಂದು ಬರೆದಿಟ್ಟಿದ್ದಳು. ನಾನು ಟೀಚರ್ ಅಲ್ಲವೇ, ತಿದ್ದಲು ಹೋದೆ. ಹೀಗೆ ಬರೆದರೆ ಗಾಡಿ ಬಂದಿದೆ ಎಂದಾಗುತ್ತದೆ, ನಿಂತುಹೋಗಿದೆ ಎನ್ನಬೇಕಾದರೆ ಬಂದ್ ಬೇರೆ, ಅದ ಬೇರೆ, ಬಿಡಿಸಿ ಬರೆಯಬೇಕು ಎಂದೆ. ಆ ಹುಡುಗಿ ಎರಡನ್ನೂ ಬಾಯಲ್ಲಿ ಹೇಳಿ ನೋಡಿಕೊಂಡು, "ಎರಡೂ ಒಂದೇ ಅಲ್ರಿ ಟೀಚರ್?" ಎಂದಳು. ಹೌದಲ್ಲ, ನಮ್ಮ ಕಡೆಯ ಬಾಯಲ್ಲಿ ಎರಡೂ ಒಂದೇ. ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ.

ಶ್ರಾವಣದಲ್ಲಿ ತಲೆಗೆ ಹಳದಿ ಟೊಪ್ಪಿಗೆ ಹಾಕಿಕೊಂಡ ಕೆಲಸಗಾರರು ಬಂದರು. ಸೇತುವೆಯಾಚೆ ಜಾಲಿ ಕಡಿದರು, ಹಳಿಯ ಮೇಲೆ ಬಗ್ಗಿ ಏನೇನೋ ಅಳೆದರು. ಅವರಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಚಾಚಾ ಹಿಂದಿಯಲ್ಲಿ ಕೇಳಿದರೆ, ನಮಗೆ ಗೊತ್ತಿಲ್ಲ, ಸಾಹೇಬರಿಗೆ ಗೊತ್ತು ಎಂದರಂತೆ. ಊರವರು ಅಷ್ಟರಿಂದಲೇ ತೀರ್ಮಾನ ಮಾಡಿದರು. "ಹಳಿ ಕಿತ್ತಿ ಗುಜರಿಗಿ ಮಾರ್ತಾರಂತ್ರಿ" ಎಂದು ಶರಣಮ್ಮ ಕಿಂಡಿಯಿಂದ ತಲೆ ಹಾಕಿ ಹೇಳಿದರು. ನನಗೆ ಹೊಸ ಹೆದರಿಕೆ ಹುಟ್ಟಿತು. ಹಳಿಯ ಜತೆ ಸೇತುವೆಯನ್ನೂ ಬಿಚ್ಚಿಬಿಟ್ಟರೆ ಮಳೆಗಾಲದಲ್ಲಿ ಈ ಊರು ಎಲ್ಲಿಗೆ ಹೋಗಬೇಕು? ಯಾವುದೋ ಕಂಪನಿ ಹಳೆಯ ಖಣಿಯನ್ನು ಮತ್ತೆ ತೆರೆಯುತ್ತಿದೆ, ಲೈನು ಮತ್ತೆ ಜೀವ ಪಡೆಯುತ್ತಿದೆ ಎಂಬ ಯೋಚನೆ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ. ನಿಂತುಹೋದದ್ದು ಮತ್ತೆ ಶುರುವಾಗಿದ್ದನ್ನು ಆ ಸೀಮೆಯ ಜನ ಕಂಡೇ ಇರಲಿಲ್ಲ.

ಶರಣಮ್ಮನ ಮಗಳು ರೇಣುಕಾ ಅದೇ ತಿಂಗಳು ಹೆರಿಗೆಗೆ ತವರಿಗೆ ಬಂದಳು. ಅವಳ ಗಂಡನ ಮನೆ ಕುರಕುಂಟಾದಲ್ಲಿ. ಚೊಚ್ಚಲ. ಹಿಂದೆ ಒಂದು ಸಲ ಬಸಿರು ಉಳಿಯದೆ ಹೋಗಿತ್ತು, ಅದಕ್ಕೇ ಶರಣಮ್ಮ ಅವಳನ್ನು ಕಣ್ಣೆದುರಿಗೇ ಇಟ್ಟುಕೊಂಡಿದ್ದರು. ಅವಳು ಅಡುಗೆಕೋಣೆಯ ಬಾಗಿಲಲ್ಲಿ ಕಾಲು ಚಾಚಿ ಕೂತು ಅಕ್ಕಿ ಆರಿಸುತ್ತಿದ್ದಳು. "ಟೀಚರ್, ನಿಮಗಿಂತ ನಾನೇ ಪಾಡ ನೋಡ್ರಿ, ನಂಗ ಬ್ರಿಜ್ಜಿಗಿ ಅಂಜಿಕಿಲ್ಲ" ಎಂದು ಕೆಣಕುತ್ತಿದ್ದಳು. "ಮತ್ತ್ಯಾವುದಕ್ಕ ಅಂಜಿಕಿ?" ಎಂದು ಕೇಳಿದೆ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

ದಿನ ತುಂಬಲು ಇನ್ನೂ ಸಮಯವಿತ್ತು. ಆದರೂ ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ, ಮಕ್ಕಳು ತಾಟು ಹಿಡಿದು ಕಿಂಡಿಯ ಮುಂದೆ ನಿಂತಿದ್ದಾಗ, ಒಳಗಿನಿಂದ ರೇಣುಕಾ ಕೂಗಿದಳು. ನಾವು ಹೋಗಿ ನೋಡಿದರೆ ಸೀರೆಯ ಮೇಲೆ ರಕ್ತ. ಹೆಡ್‌ಮಾಸ್ತರರು ಅಂಬುಲೆನ್ಸಿಗೆ ಫೋನು ಮಾಡಿದರು. ಅದು ಚಾಚಾನ ಅಂಗಡಿಯತನಕ ಬರಬಲ್ಲದು, ಹಳ್ಳ ದಾಟಿ ಬರಲಾರದು. ಊರ ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಹೆಡ್‌ಮಾಸ್ತರರು ಮಕ್ಕಳನ್ನು ನೀರಿನ ದಂಡೆಗೆ ಬಿಡದೆ ಕಾಯಬೇಕಿತ್ತು. ರೇಣುಕಾ ನನ್ನ ಕೈ ಹಿಡಿದಳು. "ಟೀಚರ್, ನೀವೂ ಬರ್ರಿ." ಆಗಲ್ಲ ಎನ್ನಲು ಬಾಯಿ ಬರಲಿಲ್ಲ.

ಸೇತುವೆಯ ಬಾಯಿಗೆ ಬಂದಾಗ ಆಚೆಯ ದಂಡೆ ಮಳೆಯಲ್ಲಿ ಕಾಣುತ್ತಲೇ ಇರಲಿಲ್ಲ. ರೂಢಿಯಂತೆ ನಿಂತು, "ಚಾಚಾ, ಗಾಡಿ?" ಎಂದು ಕೂಗಿದೆ. ಉತ್ತರ ಬರಲಿಲ್ಲ.

"ಈಗ್ಯಾವ ಗಾಡಿ ಕೇಳ್ತೀರಿ!" ಶರಣಮ್ಮ ಸಿಡಿದರು. "ನನ್ನ ಮಗಳ ಜೀವ ಹೋಗ್ಲಿಕತ್ತದ. ನಡೀರಿ."

ರೇಣುಕಾ ನಡುವೆ, ನಾವಿಬ್ಬರೂ ಎರಡು ಪಕ್ಕ. ಅಷ್ಟು ಅಗಲ ಆ ಸೇತುವೆಗೆ ಇಲ್ಲ, ಆದ್ದರಿಂದ ಓರೆಯಾಗಿ ನಡೆಯಬೇಕಾಯಿತು. ಸ್ಲೀಪರ್ ಜಾರುತ್ತಿತ್ತು. ನೀರು ತೊಲೆಯ ಕೆಳಗೆ ತೀರ ಹತ್ತಿರ ಬಂದಿತ್ತು, ಕಿತ್ತು ಬಂದ ಗಿಡವೊಂದು ಕಂಬಕ್ಕೆ ಬಡಿದಾಗ ಪಾದದಲ್ಲಿ ಅದುರಿತು. ದೂರದಲ್ಲಿ ಗಾಡಿ ಕೂಗಿದ್ದು ಕೇಳಿಸಿತು. ದೊಡ್ಡ ಲೈನಿನ ಗಾಡಿ ದಿನವೆಲ್ಲ ಕೂಗುತ್ತಲೇ ಇರುತ್ತದೆ, ಯಾರೂ ತಲೆ ಎತ್ತಲಿಲ್ಲ. ಪಂಜರದ ಹತ್ತಿರ ಬಂದಾಗ ರೇಣುಕಾ ನೋವು ತಾಳದೆ ಬಗ್ಗಿ ನಿಂತಳು. ಆಗ ಆಚೆಯಿಂದ ಚಾಚಾನ ಧ್ವನಿ ಬಂತು.

"ಗಾಡಿ ಬಂದದ! ಗಾಡಿ ಬಂದದ!"

"ಕೇಳ್ದಿರಿಲ್ಲ?" ಶರಣಮ್ಮ ನನ್ನ ಕಡೆ ನೋಡಿದರು. "ಬಂದ್ ಅದ ಅಂತ. ನಿಮಗದೇ ಬೇಕಿತ್ತಲ್ಲ? ಇನ್ನರ ಹೆಜ್ಜಿ ಎತ್ರಿ."

ಕಾಲು ಎತ್ತಿದೆ. ಎತ್ತಿದ ಕಾಲು ಮುಂದಕ್ಕೆ ಹೋಗಲಿಲ್ಲ. ಮಾತು ಅರ್ಧಕ್ಕೇ ನಿಂತಿತ್ತು. ಇಡೀ ಮಳೆಗಾಲ ಒಂದು ದಿನವೂ ತಪ್ಪದೆ ಅದರ ಬೆನ್ನಿಗೆ ಬರ್ರಿ ಎಂದು ಬರುತ್ತಿತ್ತು. ನಾನು ಕಾದೆ. "ಗಾಡಿ ಬಂದದ!" ಮತ್ತೆ ಅಷ್ಟೇ ಕೇಳಿಸಿತು, ಧ್ವನಿ ಒಡೆದಿತ್ತು. ಬರ್ರಿ ಬರಲಿಲ್ಲ. ಕರಿಹಲಗೆಯ ಮುಂದೆ ನಿಂತ ಹುಡುಗಿ ನೆನಪಾದಳು. ಎರಡೂ ಒಂದೇ ಅಲ್ರಿ ಟೀಚರ್?

"ಶರಣಮ್ಮಾ, ಬರ್ರಿ ಅನ್ಲಿಲ್ಲ ಅವ್ರು."

"ಏನು?"

"ಬರ್ರಿ ಅನ್ಲಿಲ್ಲ! ಗಾಡಿ ಬಂದದ, ಖರೇನೇ ಬಂದದ!"

"ಹುಚ್ಚು ಹಿಡದದೇನ್ರಿ ನಿಮಗ!" ಎಂದು ಅವರು ಮಗಳನ್ನು ಮುಂದಕ್ಕೆ ಎಳೆದರು. ನಾನು ಪಂಜರದ ಕಡೆಗೆ ಎಳೆದೆ. ನಾನು ಹಾಗೆ ಯಾರನ್ನೂ ಎಳೆದವಳಲ್ಲ. ರೇಣುಕಾ ಚೀರಿದಳು. ಅಷ್ಟರಲ್ಲಿ ಕಾಲ ಕೆಳಗಿನ ಕಬ್ಬಿಣ ನಡುಗತೊಡಗಿತು. ಈ ಸಲ ನೀರಿನ ಹೊಡೆತಕ್ಕೆ ಅಲ್ಲ. ಮಳೆಯೊಳಗಿಂದ ಹಳದಿ ಬೆಳಕೊಂದು ಮೂಡಿತು. ಶರಣಮ್ಮ ಅದನ್ನು ನೋಡಿದರು. ಆಮೇಲೆ ಅವರೇ ನಮ್ಮಿಬ್ಬರನ್ನೂ ಪಂಜರದೊಳಗೆ ತಳ್ಳಿ, ತಾವೂ ನುಗ್ಗಿ ಬೆನ್ನು ಕೊಟ್ಟು ನಿಂತರು.

ಇಂಜಿನ್ನು ಮೆಲ್ಲಗೇ ಬಂತು. ಜೋರಾಗಿ ಹೋಗಿದ್ದರೆ ಬೇಗ ಮುಗಿದಾದರೂ ಹೋಗುತ್ತಿತ್ತು. ಪಂಜರದ ತಳ ತುಕ್ಕು ತಿಂದು ಅಲ್ಲಲ್ಲಿ ತೂತು ಬಿದ್ದಿತ್ತು, ಗಾಡಿ ಮೇಲೆ ಬಂದಂತೆ ಅದು ಕಂಬದಿಂದ ಕಿತ್ತು ಬರುವಂತೆ ಕುಣಿಯಿತು. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು, ಕೈ ಚಾಚಿದರೆ ಗಾಲಿ ಸಿಗುವಷ್ಟು ಹತ್ತಿರ. ಹಿಂದೆ ಜಲ್ಲಿ ತುಂಬಿದ ಡಬ್ಬಿಗಳು, ಒಂದರ ಮೇಲೆ ಪ್ಲಾಸ್ಟಿಕ್ಕು ಹೊದ್ದು ಕೂತ ಒಬ್ಬ ಮನುಷ್ಯ. ನಮ್ಮನ್ನು ನೋಡಿ ಅವನ ಬಾಯಿ ತೆರೆದೇ ಉಳಿಯಿತು. ನಾನು ದೇವರ ಹೆಸರು ಹೇಳಲಿಲ್ಲ. ಚಾಚಾ, ಚಾಚಾ ಎನ್ನುತ್ತಿದ್ದೆನಂತೆ, ರೇಣುಕಾ ಆಮೇಲೆ ಹೇಳಿದಳು.

ಗಾಡಿ ಹೋದ ಮೇಲೆ ಪಂಜರದಿಂದ ಹೊರಗೆ ಬಂದು ಉಳಿದ ಅರ್ಧ ಸೇತುವೆ ನಡೆದೆವು. ಆಚೆಯ ದಂಡೆಯಲ್ಲಿ ಚಾಚಾ ಕೆಸರಲ್ಲಿ ಮೊಣಕಾಲೂರಿ ಕೂತಿದ್ದರು, ಕೈಯಲ್ಲಿ ಕೆಂಪು ಟವೆಲ್ಲು.

"ಬಂದದ ಬಂದದ ಅಂತ ಗಂಟಲ ಹರಕೊಂಡೆ. ನೀವು ನಡ್ಕೋತ ಬರ್ಲಿಕತ್ತಿದ್ರಿ. ಯಾ ಅಲ್ಲಾ, ನಡ್ಕೋತ ಬರ್ಲಿಕತ್ತಿದ್ರಿ!"

"ನೀ ದಿನಾ ಅದೇ ಅಂತಿಯಲ್ಲೋ ಚಾಚಾ" ಎಂದರು ಶರಣಮ್ಮ, ಅಳುತ್ತ.

ಚಾಚಾ ತುಟಿಯಲ್ಲೇ ಆ ಮಾತನ್ನು ಒಮ್ಮೆ ಆಡಿ ನೋಡಿಕೊಂಡರು, ಮತ್ತೊಮ್ಮೆ ಆಡಿ ನೋಡಿಕೊಂಡರು. ಅವರ ಮುಖ ನೋಡಲಾಗದೆ ನಾನು ಅಂಬುಲೆನ್ಸ್ ಹತ್ತಿದೆ.

ಸೇಡಂನ ದವಾಖಾನೆಯಲ್ಲಿ ಕತ್ತಲಾಗುವ ಮೊದಲೇ ಹೆಣ್ಣು ಹುಟ್ಟಿತು. ಸಣ್ಣದು, ಆದರೆ ಅತ್ತಿತು. ತಾಯಿಯೂ ಉಳಿದಳು. ಶರಣಮ್ಮ ಮತ್ತೆ ಕಿಂಡಿಯ ಹಿಂದೆ ಬಂದ ದಿನ ನನ್ನ ತಾಟಿಗೆ ತಾವೇ ತುಪ್ಪ ಹಾಕಿದರು. "ನೀವು ಅಂಜ್ತೀರಿ ಅಂತ ನಾ ಭಾಳ ನಕ್ಕೀನ್ರಿ" ಎಂದರು. ಸೌಟು ಕೆಳಗಿಟ್ಟು, "ನಾಳಿ ಭೀ ಅಂಜ್ರಿ ಟೀಚರ್" ಎಂದರು.

ಅದೊಂದು ಅಪ್ಪಣೆಯಾಗಿ ಹೋಯಿತು. ಆ ಮಳೆಗಾಲ ಮುಗಿಯುವತನಕ ನಾನು ಅಂಜಿದೆ. ಹಳಿ ಮುಟ್ಟಿ ನೋಡಿ ಅಂಜಿದೆ, ಮುಟ್ಟದೆ ಅಂಜಿದೆ, ಕೋಣೆಯಲ್ಲಿ ಮಲಗಿದಾಗ ಮಂಚ ಅದುರಿದಂತಾಗಿ ಎದ್ದು ಕೂತೆ. ಕಂಪನಿಯವರು ಸೇತುವೆಗೆ ಒಬ್ಬ ಕಾವಲುಗಾರನನ್ನು ಇಟ್ಟರು, ಹಲಗೆ ನಿಲ್ಲಿಸಿದರು. ಆದರೂ ಚಾಚಾ ಮತ್ತೆಂದೂ ಆಚೆಯ ದಂಡೆಯಿಂದ ಕೂಗಲಿಲ್ಲ. ಸಂಜೆ ನಾನು ಶಾಲೆ ಬಿಟ್ಟು ಬರುವ ಹೊತ್ತಿಗೆ ಸೇತುವೆ ದಾಟಿ ಬಂದು ಈಚೆಗೆ ನಿಂತಿರುತ್ತಿದ್ದರು. ಗಾಡಿಯ ಸುದ್ದಿ ಎತ್ತುತ್ತಿರಲಿಲ್ಲ. ಕೈ ಚಾಚಿ, ನನಗಷ್ಟೇ ಕೇಳುವಂತೆ, "ಬರ್ರಿ" ಎನ್ನುತ್ತಿದ್ದರು. ವರ್ಷ ತುಂಬಿದ ಮೇಲೆ ನನಗೆ ಚಿಂಚೋಳಿಯ ಕಡೆ ವರ್ಗವಾಯಿತು. ರೈಲಿಲ್ಲದ ಸೀಮೆಗೆ ಮರಳಿದೆ.

ಮೊನ್ನೆ ವಾಡಿಯಲ್ಲಿ ಗಾಡಿ ತಪ್ಪಿದ ಮೇಲೆ ಏನು ಮನಸ್ಸಾಯಿತೋ, ಚಿತ್ತಾಪುರದ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಆ ತಿರುವಿನಲ್ಲಿ ಇಳಿದೆ. ಖಣಿ ಮತ್ತೆ ಮುಚ್ಚಿದೆ. ಮೇಲ್ಗಡೆ ಹಳ್ಳಕ್ಕೆ ಹೊಸ ರಸ್ತೆಯ ಸೇತುವೆ ಆಗಿದೆ, ಊರಿಗೆ ಆಟೋ ಹೋಗುತ್ತದೆ. ಚಾಚಾನ ಅಂಗಡಿಯ ಜಾಗದಲ್ಲಿ ನಿಲ್ಲಿಸಿದ ಪರಸಿಗಳು ಉಳಿದಿವೆ, ತಗಡಿಲ್ಲ. ಕುರಿ ಮೇಯಿಸುತ್ತಿದ್ದ ಒಬ್ಬರನ್ನು ಕೇಳಿದೆ. "ಚಾಚಾ ತೀರಿ ಹ್ವಾದ್ರು ರಿ, ಹೋದ ಬ್ಯಾಸಗಿಗಿ" ಎಂದರು.

ಹಳೆಯ ಸೇತುವೆಯ ಬಾಯಿಗೆ ಹೋಗಿ ನಿಂತೆ. ಈ ಸಲ ಹಳಿಯನ್ನು ನಿಜವಾಗಿಯೂ ಕಿತ್ತು ಒಯ್ದಿದ್ದಾರೆ. ಕುರಿ ದಾಟಲೆಂದು ಊರವರು ಸ್ಲೀಪರುಗಳ ಮೇಲೆ ಪರಸಿ ಹಾಸಿದ್ದಾರೆ. ಕೆಳಗಿನ ನೀರು ಕಾಣುವುದೇ ಇಲ್ಲ, ಮನೆಯ ಅಂಗಳದಂತೆ ಆಗಿದೆ. ನಡುವೆ ಪಂಜರ ಹಾಗೇ ಇದೆ. ಅಲ್ಲಿಯತನಕ ಹೋಗಿ ಒಮ್ಮೆ ಅದನ್ನು ಮುಟ್ಟಿ ಬರೋಣ ಎಂದು ಬಂದಿದ್ದೆ. ಹಳಿಯೇ ಇಲ್ಲದ ಮೇಲೆ ಯಾವ ಗಾಡಿ ಬಂದೀತು? ಇಷ್ಟೆಲ್ಲ ನನಗೆ ನಾನೇ ಹೇಳಿಕೊಂಡೆ. ಕಾಲು ಏಳಲಿಲ್ಲ.

"ಚಾಚಾ, ಗಾಡಿ?" ಎಂದೆ. ಕೂಗಲಿಲ್ಲ, ಬರೀ ಅಂದೆ.

ಹಳ್ಳದಲ್ಲಿ ನೀರು ಓಡುತ್ತಿತ್ತು. ಕುರಿಗಳು ಪರಸಿಯ ಮೇಲೆ ಗೊರಸು ಸದ್ದು ಮಾಡುತ್ತ ಆಚೆಗೆ ದಾಟಿದವು. ನಾನು ಬಹಳ ಹೊತ್ತು ಕಾದೆ. ಯಾರೂ ಬರ್ರಿ ಅನ್ನಲಿಲ್ಲ. ರಸ್ತೆಗೆ ಮರಳಿ ಬಂದು ಬಸ್ಸಿಗೆ ನಿಂತೆ.